ಗಾಳಿಯಿಲ್ಲದ ಕಡೆ ಸದ್ದು ಎಲ್ಲಿಂದ ಬಂತು? ನಮ್ಮಪ್ಪ ಕುರ್ಚಿ ಎತ್ತಿಕೊಂಡು ಹೋದ ಪ್ರಕರಣ

ಮಹಡಿಮೇಲಿನ_ದುಪ್ಪಟಿ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೆಯ ಮನೆ. ಆಗಾಗ ಭಾನುವಾರ ರಾತ್ರಿ ತಾರಸಿಯ ಮೇಲೆ ಸಿನಿಮಾ ಹಾಕುತ್ತೇನೆ. ಪರದೆ ಎಂದರೆ ಅಮ್ಮನ ಬಿಳಿ ದುಪ್ಪಟಿ. ಒಂದು ತುದಿ ನೀರಿನ ಟ್ಯಾಂಕಿಗೆ, ಇನ್ನೊಂದು ತುದಿ ಬಟ್ಟೆ ಒಣಹಾಕುವ ಕಂಬಿಗೆ. ಅಕ್ಕಪಕ್ಕದವರು ಸೇರಿ ಹತ್ತು ಹನ್ನೆರಡು ಜನ. ಅಮ್ಮನ ಕಡೆಯಿಂದ ಚುರುಮುರಿ.

ಮೊನ್ನೆ 1977ರ ಮೊದಲ 'ಸ್ಟಾರ್ ವಾರ್ಸ್' ಹಾಕಿದ್ದೆ. ಅಪ್ಪ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಎರಡು ಗಂಟೆ ತುಟಿ ಬಿಚ್ಚದೆ ನೋಡಿದರು. ಕೊನೆಯಲ್ಲಿ ಆ ದೈತ್ಯ ಗೋಳ ಢಮಾರ್ ಎಂದು ಸಿಡಿಯಿತಲ್ಲ, ಎದ್ದು ನಿಂತರು. "ಆಕಾಶದಾಚೆ ಗಾಳಿ ಇಲ್ಲವೆಂದು ನಿನಗೆ ಏಳನೆಯ ತರಗತಿಯಲ್ಲಿ ಬಾಯಿಪಾಠ ಮಾಡಿಸಿದವನು ನಾನು. ಗಾಳಿಯಿಲ್ಲದ ಕಡೆ ಈ ಸದ್ದು ಯಾರ ಮನೆಯಿಂದ ಬಂತು?" ಎಂದವರೇ ಕೆಳಗಿಳಿದರು. ಹೋಗುವಾಗ ಕುರ್ಚಿಯನ್ನೂ ಬಿಡಲಿಲ್ಲ.

ನನ್ನ ತಕರಾರು ಇಷ್ಟೇ. ಇದೇ ಅಪ್ಪ ಅದರ ಹಿಂದಿನ ಸಲ 1957ರ 'ಮಾಯಾಬಜಾರ್' ನೋಡುವಾಗ, ಲಾಡುಗಳು ತಾವಾಗಿಯೇ ಹಾರಿ ಘಟೋತ್ಕಚನ ಬಾಯಿಗೆ ಬೀಳುವುದಕ್ಕೆ ಚಪ್ಪಾಳೆ ತಟ್ಟಿದ್ದರು. ಹಾರುವ ಲಾಡನ್ನು ಒಪ್ಪಿದವರಿಗೆ ಒಂದು ಸದ್ದು ಒಪ್ಪಲು ಏನು ಕಷ್ಟ? ಮಾಯೆಗೆ ಮಾಫಿ, ವಿಜ್ಞಾನಕ್ಕೆ ದಂಡ. ಇದು ಯಾವ ನ್ಯಾಯ? ನೀವೆಲ್ಲ ಏನು ಹೇಳುತ್ತೀರಿ?

ಹನ್ನೆರಡು_ಪಾರ್ಸೆಕ್

ನಾನು ನಿಮ್ಮ ತಂದೆಯವರ ಪಕ್ಷ. ವಿಜ್ಞಾನದ ಅಂಗಿ ತೊಟ್ಟು ಬಂದವರು ವಿಜ್ಞಾನದ ಸುಂಕ ಕಟ್ಟಲೇಬೇಕು. 1968ರಲ್ಲೇ '2001: ಎ ಸ್ಪೇಸ್ ಒಡಿಸ್ಸಿ' ಸುಂಕ ಕಟ್ಟಿ ತೋರಿಸಿದೆ. ನೌಕೆಯ ಹೊರಗೆ ಹಿನ್ನೆಲೆ ಸಂಗೀತ, ಗಗನಯಾತ್ರಿಯ ಉಸಿರಾಟ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಒಂಬತ್ತು ವರ್ಷದ ಬಳಿಕ ಬಂದವರಿಗೆ ಏನು ಬೇನೆ?

ಚುರುಮುರಿ_ಪಕ್ಷ

ತಂದೆಯವರು ಚುರುಮುರಿ ತಿಂದು ಹೋದರೋ, ತಿನ್ನದೆ ಹೋದರೋ? ತೀರ್ಪು ಅದರ ಮೇಲೆ ನಿಂತಿದೆ.

ಮಹಡಿಮೇಲಿನ_ದುಪ್ಪಟಿ

ತಿಂದು. ಎರಡು ಸಲ ಹಾಕಿಸಿಕೊಂಡು.

ಕರಿಹಲಗೆ

ಮಂಡ್ಯದಲ್ಲಿ ಪದವಿಪೂರ್ವ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಹಾಗಾಗಿ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಸದ್ದು ಸಾಗಲು ಮಾಧ್ಯಮ ಬೇಕು, ಅದು ಸರಿ. ಆದರೆ ಬಾಹ್ಯಾಕಾಶವೆಲ್ಲ ಒಂದೇ ಸಮನೆ ಬರಿದೋ ಬರಿದು ಎಂಬುದು ಪೂರ್ತಿ ನಿಜವಲ್ಲ. ಪರ್ಸಿಯಸ್ ಎಂಬ ಗೆಲಾಕ್ಸಿಗಳ ಗುಂಪಿನಲ್ಲಿ ಕಾದ ಅನಿಲ ತುಂಬಿಕೊಂಡಿದೆ, ಅದರಲ್ಲಿ ಒತ್ತಡದ ಅಲೆಗಳು ಎದ್ದಿವೆ. ಅದನ್ನು 57, 58 ಸಪ್ತಕಗಳಷ್ಟು ಮೇಲಕ್ಕೆತ್ತಿ ಮನುಷ್ಯರ ಕಿವಿಗೆ ಕೇಳುವಂತೆ ಮಾಡಿ 2022ರಲ್ಲಿ ನಾಸಾ ಬಿಡುಗಡೆ ಮಾಡಿತು. ಕೇಳಿದರೆ ಸಂಜೆಯ ಹೊತ್ತು ಯಾರೋ ಬಾವಿಯೊಳಗೆ ನರಳಿದಂತಿದೆ.

ಮಂಗಳನಲ್ಲಿ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಆದರೂ ಪರ್ಸಿವಿಯರೆನ್ಸ್ ಗಾಡಿಯ ಮೈಕ್ 2021ರಲ್ಲಿ ಅಲ್ಲಿನ ಸದ್ದು ಹಿಡಿದು ಕಳಿಸಿತು. ಅಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ಇಲ್ಲಿ ಸುಮಾರು 340.

ಇಷ್ಟೆಲ್ಲ ಹೇಳಿದ ಮೇಲೂ, ನೌಕೆ ಸಿಡಿದದ್ದು ದೂರದ ನೌಕೆಯಲ್ಲಿ ಕುಳಿತವರಿಗೆ ಢಮಾರ್ ಎಂದು ಕೇಳುವುದಿಲ್ಲ. ಅಂಕ ತಂದೆಯವರಿಗೇ.

ಬೇತಾಳದ_ಬಾಕಿ

ಎಲ್ಲರೂ ತಪ್ಪು ಬಾಗಿಲು ಬಡಿಯುತ್ತಿದ್ದೀರಿ. 'ಸ್ಟಾರ್ ವಾರ್ಸ್' ವಿಜ್ಞಾನದ ಕಥೆ ಎಂದು ಯಾರು ಹೇಳಿದರು? ಅದು ಶುರುವಾಗುವುದೇ ಒಂದಾನೊಂದು ಕಾಲದಲ್ಲಿ, ದೂರದ ಒಂದು ರಾಜ್ಯದಲ್ಲಿ ಎಂಬ ಧಾಟಿಯಲ್ಲಿ. ಸೆರೆಯಲ್ಲಿರುವ ರಾಜಕುಮಾರಿ, ಮರುಭೂಮಿಯಲ್ಲಿ ಒಬ್ಬ ಮುದಿ ಗುರು, ತಂದೆಯ ಖಡ್ಗ. ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್ ತಾನು ಜಪಾನಿನ ನಿರ್ದೇಶಕ ಕುರೊಸಾವಾ ಅವರ 1958ರ 'ದಿ ಹಿಡನ್ ಫೋರ್ಟ್ರೆಸ್'ನಿಂದ ಪ್ರೇರಣೆ ಪಡೆದೆ ಎಂದು ಒಪ್ಪಿಕೊಂಡಿದ್ದಾನೆ. ಅಜ್ಜಿಕಥೆಗೆ ಯಂತ್ರದ ಚಕ್ರ ಹಾಕಿದ್ದಾರೆ, ಅಷ್ಟೇ. ಆ ಲೆಕ್ಕದಲ್ಲಿ ತಂದೆಯವರು ಘಟೋತ್ಕಚನಿಗೆ ಕೊಟ್ಟ ಮಾಫಿ ಇದಕ್ಕೂ ಸಲ್ಲಬೇಕು.

ಎರಡನೆಯ ಮಾತು. ಮಾಯೆಗೆ ನಿಯಮವಿಲ್ಲ ಎಂದುಕೊಂಡಿರುವುದೇ ದೊಡ್ಡ ತಪ್ಪು. ಬೇತಾಳನ ಕಥೆ ನೋಡಿ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಾವಿರ ಹೋಳು. ಬಾಯಿ ಬಿಟ್ಟರೆ ಬೇತಾಳ ಹಾರಿ ಮರಕ್ಕೆ. ಎರಡೇ ನಿಯಮ, ಒಂದನ್ನೂ ಯಾವ ರಾತ್ರಿಯೂ ಮುರಿಯುವುದಿಲ್ಲ. ಹಿರಣ್ಯಕಶಿಪು ಕೇಳಿದ ವರವನ್ನು ಓದಿದರೆ ವಕೀಲರು ಬರೆದ ಕರಾರುಪತ್ರದಂತಿದೆ. ಒಳಗಲ್ಲ, ಹೊರಗಲ್ಲ, ಹಗಲಲ್ಲ, ಇರುಳಲ್ಲ. ವಿಷ್ಣುವೂ ಆ ಕರಾರನ್ನು ಮುರಿಯಲಿಲ್ಲ; ಸಂದಿ ಹುಡುಕಿ ಹೊಸ್ತಿಲ ಮೇಲೆ ಕುಳಿತ. 1987ರ 'ಮಿಸ್ಟರ್ ಇಂಡಿಯಾ'ದಲ್ಲೂ ಹಾಗೆಯೇ, ಕಾಣದ ಮನುಷ್ಯ ಕೆಂಪು ಬೆಳಕಿನಲ್ಲಿ ಮಾತ್ರ ಕಾಣುತ್ತಾನೆ. ನಿಯಮ ಒಂದು ಸಲ ಹೇಳಿ ಕೊನೆಯತನಕ ಪಾಲಿಸಿದರೆ ಪ್ರೇಕ್ಷಕ ಏನನ್ನು ಬೇಕಾದರೂ ನುಂಗುತ್ತಾನೆ, ಲಾಡೂ ಸೇರಿ.

ಹನ್ನೆರಡು_ಪಾರ್ಸೆಕ್

ಚೆನ್ನಾಗಿ ಹೇಳಿದಿರಿ. ಆದರೆ ಆ ಸಿನಿಮಾ ಯಾವ ನಿಯಮ ಹೇಳಿತು? ಅಲ್ಲಿ ಗಾಳಿ ಇದೆ ಎಂದಿತೇ?

ಕರಿಹಲಗೆ

@ಹನ್ನೆರಡು_ಪಾರ್ಸೆಕ್ ವಿಜ್ಞಾನದ ಸುಂಕ ವಸೂಲಿಗೆ ಕುಳಿತವರೇ, ಮೊದಲು ನಿಮ್ಮ ಹೆಸರು ನೋಡಿಕೊಳ್ಳಿ. ಪಾರ್ಸೆಕ್ ಎಂಬುದು ದೂರದ ಅಳತೆ, 3.26 ಜ್ಯೋತಿರ್ವರ್ಷ. ಆ ಸಿನಿಮಾದಲ್ಲಿ ನಾಯಕ ಅದನ್ನು ಹೊತ್ತಿನ ಅಳತೆಯಂತೆ ಬಳಸಿ ಜಂಬ ಕೊಚ್ಚಿಕೊಳ್ಳುತ್ತಾನೆ. ಮೈಸೂರಿನಿಂದ ಮಂಡ್ಯಕ್ಕೆ ಹನ್ನೆರಡು ಕಿಲೋಮೀಟರಿನಲ್ಲಿ ಬಂದೆ ಎಂದಂತೆ.

ಹನ್ನೆರಡು_ಪಾರ್ಸೆಕ್

ಅದು ವ್ಯಂಗ್ಯವಾಗಿ ಇಟ್ಟುಕೊಂಡ ಹೆಸರು. ಇದನ್ನು ನೂರು ಸಲ ಹೇಳಿದ್ದೇನೆ.

ಚುರುಮುರಿ_ಪಕ್ಷ

ನೂರು ಪಾರ್ಸೆಕ್ ಸಲ.

ರೇವತಿಯ_ಅಪ್ಪ

ಕಾಲ, ದೂರ ಎಂದಿರಲ್ಲ, ಭಾಗವತದ ಕಕುದ್ಮಿ ರಾಜನ ಕಥೆ ಯಾರೂ ಎತ್ತಲಿಲ್ಲವೇಕೆ? ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು, ಮುಗಿಯಲಿ ಎಂದು ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಗಿತ್ತು. ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. 2014ರ 'ಇಂಟರ್‌ಸ್ಟೆಲ್ಲರ್'ನಲ್ಲಿ ಕಪ್ಪುರಂಧ್ರದ ಪಕ್ಕದ ಅಲೆಗಳ ಗ್ರಹದ ಒಂದು ಗಂಟೆಗೆ ಭೂಮಿಯ ಏಳು ವರ್ಷ ಎಂದಾಗ ಜನ ಬಾಯಿ ಬಿಟ್ಟುಕೊಂಡು ನೋಡಿದರು. ನಮ್ಮಲ್ಲಿ ಇದೆಲ್ಲ ಮೊದಲೇ ಗೊತ್ತಿತ್ತು.

ಕರಿಹಲಗೆ

ಕಥೆ ಗೊತ್ತಿತ್ತು. ಲೆಕ್ಕ ಗೊತ್ತಿತ್ತು ಎಂದು ಅದರಿಂದ ಹೇಳಲಾಗುವುದಿಲ್ಲ. ಕಪ್ಪುರಂಧ್ರದ ಹತ್ತಿರ ಕಾಲ ಎಷ್ಟು ನಿಧಾನವಾಗುತ್ತದೆ ಎಂಬುದು 1915ರ ಐನ್‌ಸ್ಟೈನ್ ಸಮೀಕರಣಗಳಿಂದ ಬರುತ್ತದೆ. ಸಿನಿಮಾಕ್ಕೆ ಆ ಲೆಕ್ಕ ಹಾಕಿಕೊಟ್ಟ ಕಿಪ್ ಥಾರ್ನ್ ಅವರಿಗೆ 2017ರಲ್ಲಿ ಗುರುತ್ವದ ಅಲೆಗಳ ಕೆಲಸಕ್ಕಾಗಿ ನೊಬೆಲ್ ಬಂತು. ಕಕುದ್ಮಿಯ ಕಥೆಯನ್ನು ಕಥೆಯಾಗಿಯೇ ಪ್ರೀತಿಸೋಣ.

ರೇವತಿಯ_ಅಪ್ಪ

ಪ್ರೀತಿಸುತ್ತಲೇ ಇದ್ದೇನೆ. ಮಗಳ ಮದುವೆಗೆ ವರ ಹುಡುಕುತ್ತಿರುವವನಿಗೆ ಆ ಕಥೆ ಬೇರೆಯೇ ರೀತಿಯಲ್ಲಿ ನಾಟುತ್ತದೆ, ಮೇಡಂ. ಸಂಗೀತ ಮುಗಿಯಲಿ ಎಂದು ನಾನಂತೂ ಕಾಯುವುದಿಲ್ಲ.

ಕರಿಹಲಗೆ

ಇದನ್ನು ಒಪ್ಪಿದೆ. ಆ ಸಿನಿಮಾದಲ್ಲೂ ನನಗೆ ಉಳಿದದ್ದು ಸಮೀಕರಣವಲ್ಲ. ಗ್ರಹದಿಂದ ಮರಳಿದವನು 23 ವರ್ಷಗಳ ಸಂದೇಶಗಳನ್ನು ಒಟ್ಟಿಗೆ ನೋಡುತ್ತ ಅಳುವ ದೃಶ್ಯ.

ಕಬ್ಬಿನ_ಗರಿ

ಮಂಡ್ಯದಿಂದ ನಮಸ್ಕಾರ. ನೀವು ಗಾಳಿಯ ಜಗಳದಲ್ಲಿದ್ದೀರಿ, ನಮ್ಮದು ನೀರಿನದು. ಮುಂದಿನ ವಾರ 'ಡ್ಯೂನ್' ಹಾಕಿ, 2021ರದ್ದು.

ನಾನು ಅದನ್ನು ನೋಡಿದ್ದು ಒಂದು ಬೇಸಿಗೆಯಲ್ಲಿ, ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಎಲ್ಲರೂ ಬೆಳಗ್ಗೆ ಎದ್ದ ಕೂಡಲೇ ಪತ್ರಿಕೆಯಲ್ಲಿ ಕನ್ನಂಬಾಡಿಯ ಮಟ್ಟ ನೋಡುತ್ತಿದ್ದ ದಿನಗಳಲ್ಲಿ. 124.80 ಅಡಿ ಎಂದರೆ ಕಟ್ಟೆ ತುಂಬಿದ ಮಟ್ಟವೆಂದು ನಮ್ಮ ಕಡೆ ಶಾಲೆಗೆ ಹೋಗದ ಮಗುವಿಗೂ ಗೊತ್ತು. ಆ ಸಿನಿಮಾದಲ್ಲಿ ಮರುಭೂಮಿಯ ನಾಯಕನೊಬ್ಬ ದೊರೆಯ ಮುಂದೆ ಮೇಜಿನ ಮೇಲೆ ಉಗುಳುತ್ತಾನೆ. ಸೈನಿಕರು ಕತ್ತಿಗೆ ಕೈ ಹಾಕುತ್ತಾರೆ. ಆಮೇಲೆ ತಿಳಿಯುತ್ತದೆ, ಅದು ಗೌರವ. ತನ್ನ ಮೈಯ ನೀರನ್ನು ಕಾಣಿಕೆಯಾಗಿ ಕೊಟ್ಟದ್ದು. ಜೊತೆಯಲ್ಲಿ ನೋಡುತ್ತಿದ್ದ ನಮ್ಮ ದೊಡ್ಡಪ್ಪ, "ಇಲ್ಲಿ ಹಾಗೆ ಗೌರವ ಕೊಟ್ಟರೆ ಪಂಚಾಯಿತಿ ಸೇರಿಸುತ್ತಾರೆ" ಎಂದರು. ಆದರೆ ಎದ್ದು ಹೋಗಲಿಲ್ಲ. ಸತ್ತವನ ಮೈಯ ನೀರು ಬಳಗಕ್ಕೆ ಸೇರಿದ್ದು ಎಂಬ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ನಾನು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದೆ.

ಅವರು ಕೊಟ್ಟ ತೀರ್ಪು: "ಇವನು ನೀರಿಲ್ಲದ ಊರನ್ನು ನೋಡಿಯೇ ಬರೆದಿದ್ದಾನೆ." ಯಂತ್ರ ಹೇಗೆ ಹಾರುತ್ತದೆ, ಮರಳಿನೊಳಗಿನ ಹುಳು ಅಷ್ಟು ದಪ್ಪ ಹೇಗಾಯಿತು, ಒಂದನ್ನೂ ಕೇಳಲಿಲ್ಲ. ಹಾರುವ ಯಂತ್ರ ಬಂದಾಗ ಮಾತ್ರ "ಏರೋಪ್ಲೇನ್ ಚಿಟ್ಟೆ" ಎಂದು ನಕ್ಕರು. ಹಾಗೆಯೇ ಇತ್ತು, ನಾಲ್ಕು ಜೊತೆ ರೆಕ್ಕೆ ಪಟಪಟ ಎನ್ನುತ್ತ.

ನಿರ್ವಾಹಕ

ಕಾವೇರಿ ವಿಚಾರವನ್ನು ದಯವಿಟ್ಟು ಇಲ್ಲಿ ಎಳೆಯಬೇಡಿ. ಹೋದ ಸಲದ ಎಳೆಯನ್ನು ಮುಚ್ಚಬೇಕಾಯಿತು.

ಕಬ್ಬಿನ_ಗರಿ

ನಾನೆಲ್ಲಿ ಎಳೆದೆ, ಅದು ತಾನಾಗಿಯೇ ಹರಿದು ಬಂತು.

ಬೇತಾಳದ_ಬಾಕಿ

'ಡ್ಯೂನ್' ನನ್ನ ವಾದಕ್ಕೆ ಪುಷ್ಟಿ. ಅಲ್ಲಿ ಮರಳಿನ ಮೇಲೆ ತಾಳ ಹಿಡಿದಂತೆ ನಡೆದರೆ ಸದ್ದು ಕೇಳಿ ಹುಳು ಬರುತ್ತದೆ, ಅದಕ್ಕೇ ಕಾಲು ಎಳೆದು ಅಡ್ಡಾದಿಡ್ಡಿ ನಡೆಯುತ್ತಾರೆ. ನಿಯಮ ಹೇಳಿದರು, ಪಾಲಿಸಿದರು. ಪಾಲಿಸದವರ ಗತಿ ಏನಾಯಿತು ಗೊತ್ತಲ್ಲ: 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿ. ಮೊದಮೊದಲು ಕುದುರೆಯಲ್ಲಿ ಉತ್ತರದ ಕೋಟೆಯಿಂದ ರಾಜಧಾನಿಗೆ ಹೋಗಲು ಕಂತುಗಟ್ಟಲೆ ಹಿಡಿಯುತ್ತಿತ್ತು. 2017ರ ಏಳನೆಯ ಸರಣಿಗೆ ಬರುವಷ್ಟರಲ್ಲಿ ನಗರ ಬಸ್ ಹತ್ತಿ ಇಳಿದಂತೆ ಓಡಾಡತೊಡಗಿದರು. ಡ್ರ್ಯಾಗನ್ ಇದೆ ಎಂದು ನಾವು ಕೋಪಿಸಿಕೊಳ್ಳಲಿಲ್ಲ, ದಾರಿ ಕುಗ್ಗಿತೆಂದು ಕೋಪಿಸಿಕೊಂಡೆವು.

ಚುರುಮುರಿ_ಪಕ್ಷ

ಎಂಟನೆಯ ಸರಣಿಯಲ್ಲಿ ಮೇಜಿನ ಮೇಲೆ ಕಾಫಿ ಲೋಟ ಮರೆತು ಚಿತ್ರೀಕರಿಸಿದ್ದರಲ್ಲ, ಅದನ್ನು ಬಿಟ್ಟಿರೇಕೆ? ಮೈಸೂರಿನವರಾಗಿ ನಾನು ಅದನ್ನು ತಪ್ಪೆಂದು ಎಣಿಸುವುದಿಲ್ಲ. ಯುದ್ಧ ಮುಗಿದ ಮೇಲೆ ಒಂದು ಲೋಟ ಬೇಕೇ ಬೇಕು.

ಮಹಡಿಮೇಲಿನ_ದುಪ್ಪಟಿ

ಆ ಸರಣಿಯ ಮೂರನೆಯ ಕಂತನ್ನು, ಅದೇ ರಾತ್ರಿ ಯುದ್ಧದ್ದು, ನಾನು ದುಪ್ಪಟಿಯ ಮೇಲೆ ಹಾಕಿದ್ದೆ. ಬೀದಿದೀಪದ ಬೆಳಕಿನಲ್ಲಿ 82 ನಿಮಿಷ ಒಂದು ಕರಿಕಂಬಳಿ ನೋಡಿದಂತಾಯಿತು. ಪಕ್ಕದ ಮನೆಯ ಅಜ್ಜಿ "ಕರೆಂಟು ಯಾವಾಗ ಬರುತ್ತದೆ?" ಎಂದು ಕೇಳಿದರು.

ನಂಜುಮಳಿಗೆ_ನೋಟ

ಇಷ್ಟು ಹೊತ್ತು ಹೊರಗಿನದ್ದೇ ಆಯಿತು. ಕನ್ನಡದ್ದು ಒಂದಾದರೂ ಹೇಳಿ. 1978ರಲ್ಲೇ ರಾಜ್‌ಕುಮಾರ್ ರಾಕೆಟ್ ಸಿನಿಮಾ ಮಾಡಿದ್ದಾರೆ, 'ಆಪರೇಷನ್ ಡೈಮಂಡ್ ರಾಕೆಟ್'.

ರೀಲುಪೆಟ್ಟಿಗೆ

ಸ್ವಾಮಿ, ಅದರಲ್ಲಿ ರಾಕೆಟ್ ಹಾರುವುದಿಲ್ಲ. ವಜ್ರ ಕದಿಯುವವರ ಜಾಲ ಎಂಬ ಅರ್ಥದ ಇಂಗ್ಲಿಷ್ ಪದ ಕನ್ನಡದಲ್ಲಿ ಬರೆದಾಗ ಹಾಗಾಗಿದೆ. ಸಿಐಡಿ 999ರ ಪತ್ತೇದಾರಿ ಕಥೆ.

ನಂಜುಮಳಿಗೆ_ನೋಟ

ನಲವತ್ತು ವರ್ಷದಿಂದ ರಾಕೆಟ್ ಯಾವ ದೃಶ್ಯದಲ್ಲಿ ಬರುತ್ತದೆ ಎಂದು ಕಾಯುತ್ತಿದ್ದೆ.

ಹನ್ನೆರಡು_ಪಾರ್ಸೆಕ್

ಕನ್ನಡದಲ್ಲಿ ಇಲ್ಲವೆಂದೇನೂ ಇಲ್ಲ. 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬೋ ಆಗಿದ್ದರು. ತಮಿಳಿನ 'ಎಂದಿರನ್' ಬರುವುದಕ್ಕೆ ಎಂಟು ವರ್ಷ ಮೊದಲು. 2013ರ 'ಲೂಸಿಯಾ' ಪ್ರೇಕ್ಷಕರೇ ಹಣ ಹಾಕಿ ಮಾಡಿಸಿದ್ದು. ನಿದ್ದೆಗುಳಿಗೆ, ಕನಸಿನೊಳಗೊಂದು ಬದುಕು. 2024ರ 'ಬ್ಲಿಂಕ್' ಕಾಲಪ್ರಯಾಣದ ಕಥೆ. ಬಂದಾಗ ನೋಡದೆ, ಆಮೇಲೆ ಮೊಬೈಲಿನಲ್ಲಿ ನೋಡಿ, ಕನ್ನಡದಲ್ಲಿ ಯಾರೂ ಮಾಡುವುದಿಲ್ಲ ಎಂದು ಗೊಣಗುವವರು ನಾವೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ರೇವತಿಯ_ಅಪ್ಪ

ದೂರದರ್ಶನದ 'ಇಂದ್ರಧನುಷ್' ಯಾರಿಗಾದರೂ ನೆನಪಿದೆಯೇ? 1989. ಮಕ್ಕಳ ವಿಜ್ಞಾನ ಧಾರಾವಾಹಿ, ನಮ್ಮ ಗಿರೀಶ ಕಾರ್ನಾಡರು ಇದ್ದರು. ಬೀದಿಗೆ ಎರಡು ಟಿವಿ ಇದ್ದ ಕಾಲ. ಮುಂದೆ 'ಕ್ಯಾಪ್ಟನ್ ವ್ಯೋಮ್' ಬಂತು, 'ಶಕ್ತಿಮಾನ್' ಬಂತು. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾವೇ ಕಟ್ಟಿಕೊಳ್ಳುತ್ತಿದ್ದೆವು. ಈಗ ಪೂರ್ತಿ ತಿಳಿದರೂ ಅಷ್ಟು ಚೆನ್ನಾಗಿಲ್ಲ.

ರೀಲುಪೆಟ್ಟಿಗೆ

ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದವನು. ಯಾವ ಚಿತ್ರಮಂದಿರ ಎಂದು ಕೇಳಬೇಡಿ, ಏಕೆಂದರೆ ಈಗ ಹೇಳುವುದು ತಪ್ಪೊಪ್ಪಿಗೆ. ಒಂದು ಇಂಗ್ಲಿಷ್ ಸಿನಿಮಾದ ನಾಲ್ಕನೆಯ ರೀಲು, ಐದನೆಯ ರೀಲು ಅದಲುಬದಲಾಗಿ ಮೂರು ಆಟ ಓಡಿತು. ಸತ್ತವನು ಎದ್ದು ಬಂದು ಕಾಫಿ ಕುಡಿದ. ಒಬ್ಬರೂ ಕೂಗಲಿಲ್ಲ. ಹೊರಗೆ ಬಂದ ಕಾಲೇಜು ಹುಡುಗನೊಬ್ಬ "ಭವಿಷ್ಯಕ್ಕೆ ಹೋಗಿ ಬರುವುದನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ" ಎಂದ. ಅಂದಿನಿಂದ ಪ್ರೇಕ್ಷಕರು ನಿಯಮ ಪರೀಕ್ಷಿಸುತ್ತಾರೆ ಎಂಬ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಇನ್ನು ಸದ್ದು. 'ಸ್ಟಾರ್ ವಾರ್ಸ್'ನ ಸದ್ದುಗಳನ್ನು ಕಟ್ಟಿದವರು ಬೆನ್ ಬರ್ಟ್. ಬೆಳಕಿನ ಖಡ್ಗ ಬೀಸಿದಾಗ ಗುಂಯ್ ಎನ್ನುತ್ತದಲ್ಲ, ಅದು ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರು ಸುಮ್ಮನೆ ತಿರುಗುವ ಸದ್ದಿಗೆ ಟಿವಿಯ ಗೊರಗೊರ ಬೆರೆಸಿದ್ದು. ಮೊದಲ ಸಲ ಕೇಳಿದಾಗಲೇ ನನಗೆ ಎಲ್ಲೋ ಕೇಳಿದಂತಿತ್ತು. ವರ್ಷಗಟ್ಟಲೆ ಅದರ ಪಕ್ಕದಲ್ಲೇ ಊಟ ಮಾಡಿದವನು ನಾನು.

ಶತ್ರುಗಳ ಆ ಚಿಕ್ಕ ಯುದ್ಧವಿಮಾನಗಳು ಕಿರುಚಿಕೊಂಡು ಹೋಗುತ್ತವಲ್ಲ, ಅದು ಏನು ಗೊತ್ತೇ? ಆನೆ. ಆನೆಯ ಘೀಳಿಗೆ, ಒದ್ದೆ ರಸ್ತೆಯಲ್ಲಿ ಕಾರು ಸಾಗುವ ಸದ್ದನ್ನು ಸೇರಿಸಿದ್ದಾರೆ. ದಸರಾ ಆನೆಗಳಿಗೆ ಕುಶಾಲತೋಪು ಹಾರಿಸಿ ಸದ್ದಿನ ಅಭ್ಯಾಸ ಮಾಡಿಸುವ ಊರಿನವರು ನಾವು. ನಮ್ಮ ಕಿವಿಗೇ ಅದು ತಿಳಿಯಲಿಲ್ಲವಲ್ಲ!

ಬೇತಾಳದ_ಬಾಕಿ

ಇದು ನಿಜವೇ? ಈಗಲೇ ಹಾಕಿ ಕೇಳಿದೆ. ನಿಜ. ಇನ್ನು ಬೇರೆ ಏನೂ ಕೇಳಿಸುತ್ತಿಲ್ಲ.

ಕರಿಹಲಗೆ

ನಾಳೆ ತರಗತಿಯಲ್ಲಿ ಹಾಕುತ್ತೇನೆ. ಪಾಠ ಮಾಧ್ಯಮದ ಬಗ್ಗೆ, ಆನೆ ಉಚಿತ.

ಹನ್ನೆರಡು_ಪಾರ್ಸೆಕ್

ಸದ್ದು ಸೊಗಸಾಗಿದೆ ಎಂಬುದೂ, ಸದ್ದು ಇರಬೇಕಿತ್ತು ಎಂಬುದೂ ಬೇರೆ ಬೇರೆ ಮಾತು. 2002ರ 'ಫೈರ್‌ಫ್ಲೈ' ಧಾರಾವಾಹಿಯಲ್ಲಿ ನೌಕೆ ಹೊರಗೆ ಸಾಗುವಾಗ ಸದ್ದೇ ಇಲ್ಲ.

ನಂಜುಮಳಿಗೆ_ನೋಟ

14 ಕಂತಿಗೆ ಅದರ ಸದ್ದೂ ಅಡಗಿತು.

ರೀಲುಪೆಟ್ಟಿಗೆ

ಇನ್ನೊಂದು ಮಾತು. ಅದೇ 1977ರಲ್ಲಿ ಇಲ್ಲಿ 'ಬಭ್ರುವಾಹನ' ಬಂತು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ತಂದೆಯೂ ಮಗನೂ ರಾಜ್‌ಕುಮಾರರೇ. ಬಾಣಕ್ಕೆ ಬಾಣ ತಾಗಿ ಆಕಾಶದಲ್ಲಿ ಬೆಂಕಿ. ಇಲ್ಲೂ ತಂದೆ ಯಾರು, ಮಗ ಯಾರು ಎಂಬುದೇ ಕಥೆಯ ಗಂಟು. ಅಲ್ಲಿ ಬೆಳಕಿನ ಖಡ್ಗ, ಇಲ್ಲಿ ಬಾಣ. ನಮ್ಮ ಜನ ಬಾಣದ ಸದ್ದಿಗೆ ಲೆಕ್ಕ ಕೇಳಲಿಲ್ಲ.

ಮಹಡಿಮೇಲಿನ_ದುಪ್ಪಟಿ

ವರದಿ ಒಪ್ಪಿಸುತ್ತಿದ್ದೇನೆ.

ಅಪ್ಪನಿಗೆ ಆನೆಯ ವಿಷಯ ಹೇಳಿದೆ. ನಂಬಲಿಲ್ಲ. ಮೊಬೈಲಿನಲ್ಲಿ ಆ ತುಣುಕು ಹಾಕಿದೆ. ಕಣ್ಣು ಮುಚ್ಚಿಕೊಂಡು ಐದು ಸಲ ಕೇಳಿದರು. "ಆನೆಯೇ. ಆದರೆ ಹೆದರಿದ ಆನೆ. ಪಾಪ, ಯಾರೋ ರೇಗಿಸಿದ್ದಾರೆ" ಎಂದರು. ಆಮೇಲೆ ಬಹಳ ಹೊತ್ತು ಬಿಟ್ಟು, "ಆನೆ ಆದರೂ ಗಾಳಿ ಬೇಕಲ್ಲ" ಎಂದರು.

ಅದಕ್ಕೇ ಭಾನುವಾರ ಹಟ ಹಿಡಿದು '2001' ಹಾಕಿದೆ. ಗಾಳಿಯಿಲ್ಲದ ಕಡೆ ಸದ್ದೂ ಇಲ್ಲ, ತಂದೆಯವರೇ, ನೋಡಿ ಎಂದೆ. ಕುರ್ಚಿ ಮೇಲೆ ಬಂತು. ಆ ಸಿನಿಮಾದಲ್ಲಿ ಮೊದಲ ಮಾತು ಬರುವುದೇ ಸುಮಾರು 25 ನಿಮಿಷದ ಮೇಲೆ. ಅಷ್ಟರಲ್ಲಿ ಅಪ್ಪನ ಗೊರಕೆ ಬಂದಿತ್ತು. ತಾರಸಿಯಲ್ಲಿ ಗಾಳಿ ಚೆನ್ನಾಗಿದ್ದುದರಿಂದ ಸದ್ದು ಎಲ್ಲರಿಗೂ ತಲುಪಿತು.

ಚುರುಮುರಿ_ಪಕ್ಷ

ಮಾಧ್ಯಮ ಸಿಕ್ಕಿತು!

ಹನ್ನೆರಡು_ಪಾರ್ಸೆಕ್

ಎಚ್ಚರವಾದ ಮೇಲೆ ಏನಾದರೂ ಹೇಳಿದರೇ? ಆ ಚಿತ್ರದ ಪರವಾಗಿ ನಾನು ಇಲ್ಲಿ ಮಾನ ಅಡವಿಟ್ಟಿದ್ದೇನೆ.

ಮಹಡಿಮೇಲಿನ_ದುಪ್ಪಟಿ

ಹೇಳಿದರು. "ಲೆಕ್ಕ ಸರಿಯಾಗಿದೆ. ಮುಂದಿನ ಸಲ ಆ ಆನೆಯದ್ದು ಇನ್ನೊಂದು ಭಾಗವಿದ್ದರೆ ಹಾಕು."

ಕಬ್ಬಿನ_ಗರಿ

ಅದಕ್ಕೂ ಮೊದಲು 'ಡ್ಯೂನ್'. ದೊಡ್ಡಪ್ಪನನ್ನು ಕರೆದುಕೊಂಡು ನಾನೇ ಬರುತ್ತೇನೆ, ನಿಮ್ಮ ತಂದೆಯವರ ಪಕ್ಕದಲ್ಲಿ ಕೂರಿಸಿ. ಅದು 155 ನಿಮಿಷ, ಏಳು ಗಂಟೆಗೆ ಸರಿಯಾಗಿ ಶುರುಮಾಡಿ. ರಾತ್ರಿ ಮಂಡ್ಯಕ್ಕೆ ವಾಪಸು ಬರಬೇಕು. ಮತ್ತೆ, ದೊಡ್ಡಪ್ಪ ಉಗುಳುವುದಿಲ್ಲ ಎಂದು ಅಮ್ಮನವರಿಗೆ ಮೊದಲೇ ತಿಳಿಸಿಬಿಡಿ.

ಮಹಡಿಮೇಲಿನ_ದುಪ್ಪಟಿ

ಬನ್ನಿ. ಕುರ್ಚಿ ಎರಡು ಹೆಚ್ಚು ಹಾಕಿಸುತ್ತೇನೆ.